ಹಿಂದಕ್ಕೆ ಓಡಿದ ಎಣಿಕೆ

ಒಬ್ಬರು ಕೆಲಸ ಬಿಟ್ಟರು ಅಂದುಕೊಳ್ಳಿ. ಮುಖ್ಯ ಕಚೇರಿಯಲ್ಲಿ ಅವರ ಖಾತೆಯನ್ನು ಬಂದ್ ಮಾಡಿದ್ದಾಯಿತು. ಆದರೂ ಶಾಖೆಯಲ್ಲಿ ಅದೇ ಪಾಸ್‌ವರ್ಡ್ ನಡೆಯುತ್ತಿದೆ!

ಯಾರು ಯಾರು, ಯಾರಿಗೆ ಏನು ಅನುಮತಿ ಎಂಬ ಲೆಕ್ಕ ಇಡುವುದು ಡೈರೆಕ್ಟರಿ ಸರ್ವರ್. ಒಂದು ಕೆಟ್ಟರೂ ಕೆಲಸ ನಿಲ್ಲಬಾರದೆಂದು ಎರಡು ಮೂರು ಇಟ್ಟಿರುತ್ತಾರೆ. ಒಂದರಲ್ಲಿ ಬರೆದದ್ದು ಉಳಿದವಕ್ಕೂ ತಲುಪುವುದೇ ರೆಪ್ಲಿಕೇಶನ್.

ಅದು ನಿಂತರೆ ಕಾರಣ ಸಾಮಾನ್ಯವಾಗಿ ಸಪ್ಪೆ. ಹೆಸರು ಕೊಟ್ಟರೆ ಸರ್ವರ್ ವಿಳಾಸ ಹೇಳುವ ಡಿಎನ್‌ಎಸ್‌ನಲ್ಲಿ ಹಳೇ ವಿಳಾಸ, ಅಡ್ಡ ಬಂದ ಫೈರ್‌ವಾಲ್, ಇಲ್ಲವೇ ಗಡಿಯಾರ. ಮೈಕ್ರೋಸಾಫ್ಟ್‌ನ ಆಕ್ಟಿವ್ ಡೈರೆಕ್ಟರಿಯಲ್ಲಿ ಸಮಯ 5 ನಿಮಿಷಕ್ಕಿಂತ ಜಾಸ್ತಿ ಹೆಚ್ಚುಕಮ್ಮಿಯಾದರೆ ಗುರುತು ಪರೀಕ್ಷಿಸುವ ಕರ್ಬರೋಸ್ ಎಂಬ ವ್ಯವಸ್ಥೆ ಸಾಮಾನ್ಯವಾಗಿ ಒಪ್ಪುವುದೇ ಇಲ್ಲ. ಇವೆಲ್ಲ ಕೂಗಿ ಹೇಳುವ ತಪ್ಪುಗಳು. ರೆಪ್ಲಿಕೇಶನ್ ಪರೀಕ್ಷಿಸುವ ರೆಪ್‌ಅಡ್ಮಿನ್ ಆಜ್ಞೆ ಓಡಿಸಿದರೆ ಕಾಣುತ್ತವೆ.

ನನಗೆ ಭಯ ಹುಟ್ಟಿಸುವುದು ಸದ್ದಿಲ್ಲದ ತಪ್ಪು. ಪ್ರತಿ ಸರ್ವರ್ ತನ್ನ ಬದಲಾವಣೆಗಳಿಗೆ ಏರುವ ಸಂಖ್ಯೆ ಕೊಡುತ್ತದೆ. ಶಾಖೆಯ ಸರ್ವರ್ ಮುಖ್ಯ ಸರ್ವರನ್ನು ಕೇಳುತ್ತದೆ: 'ನಿನ್ನಿಂದ 1000ದವರೆಗೆ ಬಂದಿದೆ, ಮುಂದಿನದು ಕೊಡು.' ಅಷ್ಟರಲ್ಲಿ ಯಾರೋ ಮುಖ್ಯ ಸರ್ವರ್ ಕೆಟ್ಟಿತೆಂದು ಅದರ ಹಳೇ ಸ್ನ್ಯಾಪ್‌ಶಾಟ್, ಅಂದರೆ ಹಿಂದಿನ ಸ್ಥಿತಿಯ ನಕಲು, ಹಾಕುತ್ತಾರೆ. ಎಣಿಕೆ 800ಕ್ಕೆ ಇಳಿಯುತ್ತದೆ. ಆಮೇಲೆ ಖಾತೆ ಬಂದ್ ಮಾಡಿದ್ದಕ್ಕೆ ಸಿಕ್ಕಿದ ಸಂಖ್ಯೆ 805. ಶಾಖೆಯ ಪ್ರಕಾರ 805 ಎಂದೋ ಬಂದಾಗಿದೆ, ಅಲ್ವಾ? ಹಾಗಾಗಿ ಕೇಳುವುದೇ ಇಲ್ಲ. ವರದಿಯಲ್ಲಿ ದೋಷ ಸೊನ್ನೆ.

ಈಗಿನ ವಿಂಡೋಸ್ ಇದನ್ನು ಎಷ್ಟೋ ಸಲ ಹಿಡಿಯುತ್ತದೆ. ತನ್ನ ದಾಖಲೆಯಲ್ಲಿ ಈವೆಂಟ್ 2095 ಬರೆದು ರೆಪ್ಲಿಕೇಶನ್ ನಿಲ್ಲಿಸುತ್ತದೆ. ಆದರೆ ಎರಡೂ ಸರ್ವರ್ ಮಾತಾಡುವ ಮೊದಲೇ ಎಣಿಕೆ ಮತ್ತೆ 1000 ದಾಟಿದ್ದರೆ ಅದಕ್ಕೂ ಸುಳಿವು ಸಿಗದು.

ಸರಿಯಾದ ಬ್ಯಾಕಪ್‌ನಿಂದ ಮರಳಿಸಿದರೆ ಡೈರೆಕ್ಟರಿ ತನ್ನ ಒಳಗುರುತನ್ನೇ ಬದಲಿಸಿಕೊಂಡು, ಜೊತೆಗಾರರ ಮುಂದೆ ಹೊಸಬನಂತೆ ಲೆಕ್ಕ ಶುರುಮಾಡುತ್ತದೆ. ವಿಂಡೋಸ್ ಸರ್ವರ್ 2012ರಿಂದ ವರ್ಚುವಲ್ ಯಂತ್ರಗಳಲ್ಲೂ ಈ ರಕ್ಷಣೆ ಇದೆ, ಆ ಯಂತ್ರಗಳನ್ನು ನಡೆಸುವ ಹೈಪರ್‌ವೈಸರ್ ತಂತ್ರಾಂಶ ಅದಕ್ಕೆ ಒಗ್ಗುವಂಥದ್ದಾದರೆ.

ಎಡವಟ್ಟು ಆಗಿಹೋಗಿದ್ದರೆ ಸುಮ್ನೆ ರೀಸ್ಟಾರ್ಟ್ ಮಾಡಿ ಫಲವಿಲ್ಲ. ಆ ಸರ್ವರನ್ನು ಡೈರೆಕ್ಟರಿ ಕೆಲಸದಿಂದ ಇಳಿಸಿ, ಅದರ ಕುರುಹು ಅಳಿಸಿ, ಹೊಸದಾಗಿ ಸೇರಿಸಬೇಕು. ಅದರೊಳಗೇ ಉಳಿದುಹೋದ ಬದಲಾವಣೆಗಳೂ ಜೊತೆಗೇ ಹೋಗುತ್ತವೆ. ಹಾಗಾಗಿ ಮೊದಲು ಶಾಖೆಯ ಸರ್ವರ್‌ನಲ್ಲಿ ಆ ಖಾತೆಯನ್ನು ಬಂದ್ ಮಾಡಿ.