ಎಳೆಮರಗಳೇ ಇಲ್ಲದಿದ್ದ ಕಾಡು: ಗ್ಲೆನ್ ಅಫ್ರಿಕ್ ಕಣಿವೆಯ ಹಿಂದಿನ ಕಥೆ

ಸ್ಕಾಟ್‌ಲೆಂಡಿನ ಬೆಟ್ಟಸೀಮೆಯಲ್ಲಿ, ನೆಸ್ ಸರೋವರದ ಪಶ್ಚಿಮಕ್ಕೆ, ಗ್ಲೆನ್ ಅಫ್ರಿಕ್ ಎಂಬ ಕಣಿವೆಯಿದೆ. ಉದ್ದಕ್ಕೆ ಚಾಚಿದ ಎರಡು ಸರೋವರಗಳು, ಕೆಂಪು ತೊಗಟೆಯ ಸ್ಕಾಟ್ಸ್ ಪೈನ್ ಮರಗಳು, ಕೊಂಬೆಗಳಿಂದ ಗಡ್ಡದಂತೆ ಜೋತುಬಿದ್ದ ಕಲ್ಲುಹೂವು. ಆದರೆ 1950ರ ಸುಮಾರಿಗೆ ಈ ಕಾಡನ್ನು ನಿಂತು ನೋಡಿದವರಿಗೆ ಕೊರತೆಯೊಂದು ಕಾಣುತ್ತಿತ್ತು. ಇದ್ದ ಮರಗಳೆಲ್ಲ ಮುದಿಯಾದವು. ಎಳೆಯ ಮರಗಳೇ ಇರಲಿಲ್ಲ. ಅಲ್ಲಿನವರು ಆ ಹಳೆಯ ಮರಗಳನ್ನು ಅಜ್ಜಿ ಪೈನ್‌ಗಳೆಂದೇ ಕರೆಯುತ್ತಾರೆ.

ಒಂದು ಕಾಲಕ್ಕೆ ಬೆಟ್ಟಸೀಮೆಯ ಬಹುಭಾಗವನ್ನು ಹೊದ್ದಿದ್ದ ಪೈನ್ ಕಾಡಿನಲ್ಲಿ ಇಂದು ಉಳಿದಿರುವುದು ಶೇಕಡಾ ಒಂದರಷ್ಟು ಮಾತ್ರ. ಮರ ಕಡಿದದ್ದು ಒಂದು ಕಾರಣ. ಕಡಿದ ಕಾಡು ಮತ್ತೆ ಚಿಗುರಬಹುದಿತ್ತು. ಅದಕ್ಕೆ ಅವಕಾಶವನ್ನೇ ಕೊಡದಿದ್ದುದು ಕುರಿ, ಜಿಂಕೆಗಳ ಮೇಯುವಿಕೆ. 1801ರಿಂದ ಕೆಳಗಿನ ಸ್ಟ್ರಾತ್‌ಗ್ಲಾಸ್ ಕಣಿವೆಯಲ್ಲಿ ಚಿಸಮ್ ಕುಲದ ಒಡೆಯರು ಒಕ್ಕಲುಗಳನ್ನು ಎಬ್ಬಿಸಿ ಕುರಿಗಳನ್ನು ತಂದರು. ಎದ್ದುಹೋದವರಲ್ಲಿ ಅನೇಕರು ಕೆನಡಾದ ನೋವಾ ಸ್ಕೋಷಿಯಾ ಸೇರಿದರು. ಆಮೇಲೆ ಬಂದದ್ದು ಸಿರಿವಂತರ ಜಿಂಕೆ ಬೇಟೆಯ ಕಾಲ. ಅಫ್ರಿಕ್ ಸರೋವರದ ದಡದಲ್ಲಿ ಬೇಟೆಯ ಬಂಗಲೆ ಕಟ್ಟಿಸಿದ ಲಾರ್ಡ್ ಟ್ವೀಡ್‌ಮೌತ್ ಪಕ್ಕದ ಗಿಸಕನ್‌ನಲ್ಲಿ ಗೋಲ್ಡನ್ ರಿಟ್ರೀವರ್ ನಾಯಿ ತಳಿಯನ್ನೂ ಬೆಳೆಸಿದ. ಇಂದು ನಮ್ಮ ನಗರಗಳ ಮನೆಗಳಲ್ಲಿಯೂ ಓಡಾಡುವ ನಾಯಿ ಅದೇ. ತೋಳಗಳು ಅಷ್ಟರಲ್ಲಿ ನಿರ್ನಾಮವಾಗಿದ್ದವು. ತಡೆಯುವವರಿಲ್ಲದೆ ಹೆಚ್ಚಿದ ಕೆಂಪು ಜಿಂಕೆಗಳು ಹಿಮಗಾಲದಲ್ಲಿ ಸಸಿಗಳ ತುದಿಯನ್ನೆಲ್ಲ ಮೇದವು. ಪ್ರವಾಸಿಗರು ಮೆಚ್ಚುವ ಆ ಬೋಳು ಬೆಟ್ಟಗಳಲ್ಲಿ ಬಹುಪಾಲು ಹೀಗೆಯೇ ಬೋಳಾದವು. ಅದನ್ನು ಸಹಜ ಸೌಂದರ್ಯವೆಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ.

ಜಲವಿದ್ಯುತ್ತಿನ ಕಂಟಕವೂ ಬಂದಿತ್ತು. 1941ರಲ್ಲಿ ಸಂಸತ್ತು ಒಂದು ಯೋಜನೆಯನ್ನು ತಳ್ಳಿಹಾಕಿತು. ಮುಂದೆ ಸರ್ಕಾರಿ ಮಂಡಳಿ ಕೆಳಗಿನ ಸರೋವರಕ್ಕೆ ಅಣೆಕಟ್ಟು ಕಟ್ಟಿದರೂ ಅಫ್ರಿಕ್ ಸರೋವರದ ಮಟ್ಟವನ್ನು ಮುಟ್ಟಲಿಲ್ಲ.

1951ರಲ್ಲಿ ಕಣಿವೆ ಸರ್ಕಾರದ ಅರಣ್ಯ ಆಯೋಗದ ಕೈಗೆ ಬಂತು. ಆಯೋಗ ಆಗ ಎಲ್ಲೆಡೆ ಹೊರಗಿನ ಶಂಕುಮರಗಳನ್ನು ಸಾಲುಸಾಲಾಗಿ ನೆಡುತ್ತಿತ್ತು. ಇಲ್ಲಿ ಮಾತ್ರ ಫಿನ್ಲೆ ಮೆಕ್ರೇ ಎಂಬ ಅರಣ್ಯಾಧಿಕಾರಿ ಬೇರೆ ದಾರಿ ಹಿಡಿದರು. 1960ರ ದಶಕದಲ್ಲಿ ಅಜ್ಜಿ ಪೈನ್‌ಗಳ ಸುತ್ತ ಜಿಂಕೆಗಳು ದಾಟದಂತೆ ಬೇಲಿ ಹಾಕಿಸಿದರು. ಬೀಜ ಬೀಳುತ್ತಲೇ ಇತ್ತು. ಮೇಯುವ ಬಾಯಿ ದೂರವಾದದ್ದೇ ತಡ, ಹೀದರ್ ಪೊದೆಗಳ ನಡುವಿನಿಂದ ಪೈನ್ ಸಸಿಗಳು ತಾವಾಗಿಯೇ ತಲೆಯೆತ್ತಿದವು. ಬೀಜದ ಮರಗಳೇ ಉಳಿಯದ ಕಡೆ ಗಿಡ ನೆಡುವ ಕೆಲಸವನ್ನು 1991ರಿಂದ ಟ್ರೀಸ್ ಫಾರ್ ಲೈಫ್ ಸಂಸ್ಥೆಯ ಸ್ವಯಂಸೇವಕರು ಕೈಗೊಂಡರು. 2002ರಲ್ಲಿ ಕಣಿವೆಗೆ ರಾಷ್ಟ್ರೀಯ ನಿಸರ್ಗ ಮೀಸಲು ಪ್ರದೇಶದ ಸ್ಥಾನ ಸಿಕ್ಕಿತು.

ಬೇಲಿಗೂ ಅದರದೇ ಕೇಡು ಇತ್ತು. ತಗ್ಗಿನಲ್ಲಿ ವೇಗವಾಗಿ ಹಾರುವ ಕ್ಯಾಪರ್‌ಕೇಲಿ ಮತ್ತು ಕಪ್ಪು ಗ್ರೌಸ್ ಹಕ್ಕಿಗಳು ತಂತಿಗೆ ಬಡಿದು ಸಾಯುತ್ತವೆ. ಆದ್ದರಿಂದ ಬೇಲಿಗೆ ಎದ್ದುಕಾಣುವ ಗುರುತು ಕಟ್ಟುವುದು, ಆದಷ್ಟು ಬೇಲಿ ತೆಗೆದು ಜಿಂಕೆಗಳ ಸಂಖ್ಯೆಯನ್ನೇ ಇಳಿಸುವುದು ರೂಢಿಗೆ ಬಂತು. ಅರವತ್ತರ ದಶಕದ ಸಸಿಗಳು ಈಗ ಕಾಯಿ ಬಿಡುವ ಮರಗಳು.