ಮಿಡಲ್‌ವೇಟ್‌ನಲ್ಲಿ ಅತಿ ಬಲವಾದ ಹೊಡೆತ ಯಾರದು?

ಪ್ರಶ್ನೆ: ಬಾಕ್ಸಿಂಗ್‌ನ ಮಿಡಲ್‌ವೇಟ್ ವಿಭಾಗದಲ್ಲಿ ಇದುವರೆಗೆ ಅತ್ಯಂತ ಬಲವಾದ ಹೊಡೆತವಿದ್ದವರು ಯಾರು? ನಾಕೌಟ್‌ಗಳ ಶೇಕಡಾ ಲೆಕ್ಕ ನೋಡಿದರೆ ಉತ್ತರ ತಾನಾಗಿಯೇ ಸಿಗುವುದಿಲ್ಲವೇ?

ಉತ್ತರ: ಒಂದೇ ಹೊಡೆತದಲ್ಲಿ ಎದುರಾಳಿಯ ಪ್ರಜ್ಞೆ ತಪ್ಪಿಸುವ ಸಾಮರ್ಥ್ಯವನ್ನು ಅಳತೆಗೋಲಾಗಿ ಇಟ್ಟುಕೊಂಡರೆ ನನ್ನ ಆಯ್ಕೆ ಅಮೆರಿಕದ ವರ್ಜಿನ್ ದ್ವೀಪಗಳ ಜೂಲಿಯನ್ ಜಾಕ್ಸನ್. ಅವರ ಹಿಂದೆಯೇ, ಕೂದಲೆಳೆಯ ಅಂತರದಲ್ಲಿ, ಅಮೆರಿಕದ ಜೆರಾಲ್ಡ್ ಮೆಕ್ಲೆಲನ್ ಬರುತ್ತಾರೆ. ಈಚಿನ ಪೀಳಿಗೆಯ ಅಭಿಮಾನಿಗಳು ಮೊದಲು ಹೇಳುವ ಹೆಸರು ಗೆನ್ನಡಿ ಗೊಲೊವ್ಕಿನ್ ಅವರದು. ಅವರ ಬಲ ಇನ್ನೊಂದು ಬಗೆಯದಾದ್ದರಿಂದ ಅವರನ್ನು ಮೂರನೆಯ ಸ್ಥಾನದಲ್ಲಿ ಇಡುತ್ತೇನೆ. ಈ ಕ್ರಮವನ್ನು ಒಪ್ಪದವರು ಬಹಳ ಮಂದಿ ಇದ್ದಾರೆ, ಅವರ ವಾದದಲ್ಲಿಯೂ ಹುರುಳಿದೆ. ಆದರೆ ಆ ವಾದ ಶೇಕಡಾ ಲೆಕ್ಕದಿಂದ ತೀರುವಂಥದ್ದಲ್ಲ.

ಲೆಕ್ಕವನ್ನೇ ಮೊದಲು ನೋಡೋಣ. ಮೆಕ್ಲೆಲನ್ ಗೆದ್ದ 31 ಪಂದ್ಯಗಳಲ್ಲಿ 29 ನಾಕೌಟ್‌ಗಳು; ಜಾಕ್ಸನ್ ಗೆದ್ದ 55ರಲ್ಲಿ 49; ಗೊಲೊವ್ಕಿನ್ ಗೆದ್ದ 42ರಲ್ಲಿ 37; 1980ರ ದಶಕದ ಮಿಡಲ್‌ವೇಟ್ ಚಾಂಪಿಯನ್ ಮಾರ್ವಿನ್ ಹ್ಯಾಗ್ಲರ್ ಗೆದ್ದ 62ರಲ್ಲಿ 52. ಈ ಪಟ್ಟಿಯ ಪ್ರಕಾರ ಮೆಕ್ಲೆಲನ್ ಸುಲಭವಾಗಿ ಮೊದಲಿಗರು. ಆದರೆ ವೃತ್ತಿಪರ ಬಾಕ್ಸರನೊಬ್ಬನ ಮೊದಲ ಹತ್ತಿಪ್ಪತ್ತು ಪಂದ್ಯಗಳಲ್ಲಿ ಎದುರಾಳಿಗಳನ್ನು ಬಹುಮಟ್ಟಿಗೆ ಗೆಲ್ಲುವುದಕ್ಕೆಂದೇ ಆರಿಸಿ ತಂದಿರುತ್ತಾರೆ. ಆ ಹಂತದ ನಾಕೌಟ್‌ಗಳು ಹೊಡೆಯುವವನ ಬಲವನ್ನು ಎಷ್ಟು ಹೇಳುತ್ತವೆಯೋ ಪಂದ್ಯ ಗೊತ್ತುಮಾಡಿದವರ ಜಾಣ್ಮೆಯನ್ನೂ ಅಷ್ಟೇ ಹೇಳುತ್ತವೆ. ಉಗಾಂಡಾದ ಜಾನ್ ಮುಗಾಬಿ ಇದಕ್ಕೆ ಒಳ್ಳೆಯ ಉದಾಹರಣೆ. 1986ರ ಮಾರ್ಚ್‌ನಲ್ಲಿ ಹ್ಯಾಗ್ಲರ್ ಎದುರು ರಿಂಗ್‌ಗೆ ಇಳಿಯುವ ಹೊತ್ತಿಗೆ ಅವರು ಒಂದು ಪಂದ್ಯವನ್ನೂ ಸೋತಿರಲಿಲ್ಲ, ಗೆದ್ದವೆಲ್ಲವೂ ನಾಕೌಟ್‌ಗಳೇ ಆಗಿದ್ದವು. ಶೇಕಡಾ ನೂರು! ಆ ಹೊಡೆತಗಳನ್ನೆಲ್ಲ ತಿಂದೂ ನಿಂತ ಹ್ಯಾಗ್ಲರ್ 11ನೇ ಸುತ್ತಿನಲ್ಲಿ ಅವರನ್ನೇ ಕೆಡವಿದರು.

ಕಾಲದ ಅಂತರವೂ ಹೋಲಿಕೆಗೆ ಅಡ್ಡ ಬರುತ್ತದೆ. ವೃತ್ತಿಪರ ಮಿಡಲ್‌ವೇಟ್‌ನ ಮಿತಿ 160 ಪೌಂಡ್, ಅಂದರೆ ಸುಮಾರು 72.5 ಕಿಲೋ. (2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ವಿಜೇಂದರ್ ಸಿಂಗ್ ಕಂಚು ಗೆದ್ದ ಮಿಡಲ್‌ವೇಟ್ 75 ಕಿಲೋ ಮಿತಿಯದು, ಅಮೆಚೂರ್ ಬಾಕ್ಸಿಂಗ್‌ನ ಲೆಕ್ಕ ಬೇರೆ.) ಹಿಂದೆ ಪಂದ್ಯದ ದಿನವೇ ತೂಕ ನೋಡುತ್ತಿದ್ದರು, ಈಗ ಹಿಂದಿನ ದಿನ ನೋಡುತ್ತಾರೆ. ಹೀಗಾಗಿ ನೀರು ಬಿಟ್ಟು ತೂಕ ಇಳಿಸಿಕೊಂಡು ತಕ್ಕಡಿ ಹತ್ತಿದವನು ಮರುದಿನ ರಾತ್ರಿ ಹಲವು ಕಿಲೋ ಹೆಚ್ಚಿನ ದೇಹದೊಂದಿಗೆ ರಿಂಗ್‌ಗೆ ಬರುತ್ತಾನೆ. 1897ರಲ್ಲಿ ನೆವಾಡಾದ ಕಾರ್ಸನ್ ಸಿಟಿಯಲ್ಲಿ, ಮೊದಲು ಮಿಡಲ್‌ವೇಟ್ ಚಾಂಪಿಯನ್ ಆಗಿದ್ದ ಬಾಬ್ ಫಿಟ್ಜ್‌ಸಿಮನ್ಸ್ ಸುಮಾರು 167 ಪೌಂಡ್ ತೂಕದಲ್ಲಿ ಹೆವಿವೇಟ್ ಚಾಂಪಿಯನ್ ಜೇಮ್ಸ್ ಕಾರ್ಬೆಟ್ ಅವರ ಹೊಟ್ಟೆಯ ಮೇಲ್ಭಾಗಕ್ಕೆ ಹೊಡೆದು ಪಟ್ಟ ಕಿತ್ತುಕೊಂಡರು. ನ್ಯೂಜಿಲೆಂಡ್‌ನಲ್ಲಿ ಕಮ್ಮಾರಿಕೆ ಮಾಡಿ ಬೆಳೆದ ತೋಳು ಅವರದು. 1909ರಲ್ಲಿ ಮಿಡಲ್‌ವೇಟ್ ಚಾಂಪಿಯನ್ ಸ್ಟ್ಯಾನ್ಲಿ ಕೆಚೆಲ್ ತನಗಿಂತ ಹದಿನೈದು ಕಿಲೋಗೂ ಹೆಚ್ಚು ತೂಕದ ಹೆವಿವೇಟ್ ಚಾಂಪಿಯನ್ ಜ್ಯಾಕ್ ಜಾನ್ಸನ್ ಅವರನ್ನು 12ನೇ ಸುತ್ತಿನಲ್ಲಿ ನೆಲಕ್ಕೆ ಬೀಳಿಸಿದರು. ಜಾನ್ಸನ್ ಎದ್ದು ಬಂದು ಕ್ಷಣಗಳಲ್ಲಿಯೇ ಪಂದ್ಯ ಮುಗಿಸಿದ್ದು ಬೇರೆ ಮಾತು. ಇಬ್ಬರೂ ಅಸಾಮಾನ್ಯರು. ಆದರೆ ಅವರು ತೊಟ್ಟ ಗ್ಲೌಸ್ ಬೇರೆ, ನಿಯಮಗಳು ಬೇರೆ, ಉಳಿದಿರುವ ಚಿತ್ರಸುರುಳಿಯೂ ತುಣುಕುಗಳಲ್ಲಿದೆ. ಅವರನ್ನು ಜಾಕ್ಸನ್ ಪಕ್ಕದಲ್ಲಿಟ್ಟು ತೂಗುವ ಧೈರ್ಯ ನನಗಿಲ್ಲ.

ಹಾಗಾದರೆ ಹೊಡೆತದ ಬಲವನ್ನು ಯಂತ್ರದಿಂದಲೇ ಅಳೆಯಬಾರದೇಕೆ ಎಂದು ಕೇಳಬಹುದು. ಅಂಥ ಪ್ರಯತ್ನ ನಡೆದಿದೆ. 1985ರಲ್ಲಿ ಬ್ರಿಟನ್ನಿನ ಸಂಶೋಧಕರು ಹೆವಿವೇಟ್ ಬಾಕ್ಸರ್ ಫ್ರಾಂಕ್ ಬ್ರುನೋ ಅವರಿಂದ ಉಪಕರಣ ಅಳವಡಿಸಿದ ಗುರಿಗೆ ಹೊಡೆಸಿ ನೋಡಿದಾಗ ಮುಷ್ಟಿ ಸೆಕೆಂಡಿಗೆ ಸುಮಾರು 9 ಮೀಟರ್ ವೇಗದಲ್ಲಿ ತಗುಲಿ 4,000 ನ್ಯೂಟನ್‌ಗೂ ಮಿಕ್ಕ ಬಲ ದಾಖಲಾಯಿತು. ಆದರೆ ತೂಗುಹಾಕಿದ ಗುರಿಗೆ ಕಣ್ಣಿಲ್ಲ, ಕುತ್ತಿಗೆಯೂ ಇಲ್ಲ. ಮನುಷ್ಯ ಪ್ರಜ್ಞೆ ತಪ್ಪುವುದು ಬಹುಪಾಲು ತಲೆ ಥಟ್ಟನೆ ತಿರುಗಿ, ತಲೆಬುರುಡೆಯೊಳಗೆ ಮಿದುಳು ಅದೇ ವೇಗದಲ್ಲಿ ಹಿಂಬಾಲಿಸಲಾರದೆ ಎಳೆದಾಡಿದಂತಾದಾಗ. ಗದ್ದದ ಅಂಚಿಗೆ ಬೀಳುವ ಹುಕ್ (ಪಕ್ಕದಿಂದ ಬಾಗಿ ಬರುವ ಹೊಡೆತ) ಹಣೆಗೆ ಬೀಳುವ ನೇರ ಹೊಡೆತಕ್ಕಿಂತ ಅಪಾಯಕಾರಿಯಾಗುವುದು ಇದರಿಂದಲೇ. ಹೊಡೆತ ಬರುವುದು ಕಂಡರೆ ಬಾಕ್ಸರ್ ಗದ್ದ ಒಳಗೆಳೆದು ಕುತ್ತಿಗೆ ಬಿಗಿ ಹಿಡಿಯುತ್ತಾನೆ. ಕಾಣದಿದ್ದರೆ ಅರ್ಧ ಬಲದ ಹೊಡೆತಕ್ಕೂ ಕುಸಿಯುತ್ತಾನೆ. ಆದ್ದರಿಂದ ರಿಂಗ್‌ನಲ್ಲಿ ‘ಬಲ’ ಎಂದು ನಾವು ನೋಡುವುದರಲ್ಲಿ ಸೊಂಟದ ತಿರುವು, ಕಾಲೂರಿ ನಿಲ್ಲುವ ಬಗೆ, ಸಮಯಪ್ರಜ್ಞೆ, ಎದುರಾಳಿ ಮಾಡಿದ ತಪ್ಪು ಎಲ್ಲವೂ ಸೇರಿರುತ್ತವೆ. ನಾನು ಇಟ್ಟುಕೊಂಡಿರುವ ಪರೀಕ್ಷೆ ಇದು: ಬೇರೆ ಯಾರೂ ಕೆಡವಲಾಗದಿದ್ದವನನ್ನು ಈತ ಕೆಡವಿದನೇ? ತಾನೇ ಸೋಲುತ್ತಿದ್ದಾಗಲೂ, ಸರಿಯಾಗಿ ನಿಲ್ಲಲೂ ಪುರುಸೊತ್ತಿಲ್ಲದಿದ್ದಾಗಲೂ, ಆ ಒಂದು ಹೊಡೆತ ಕೆಲಸ ಮಾಡಿತೇ?

ಈ ಎರಡೂ ಪ್ರಶ್ನೆಗಳಿಗೆ ಒಟ್ಟಿಗೆ ಉತ್ತರ ಸಿಗುವುದು 1990ರ ನವೆಂಬರ್ 24ರಂದು ಸ್ಪೇನ್‌ನಲ್ಲಿ ಖಾಲಿಯಿದ್ದ ಡಬ್ಲ್ಯುಬಿಸಿ (ವರ್ಲ್ಡ್ ಬಾಕ್ಸಿಂಗ್ ಕೌನ್ಸಿಲ್) ಪಟ್ಟಕ್ಕಾಗಿ ನಡೆದ ಪಂದ್ಯದಲ್ಲಿ. ಜಾಕ್ಸನ್ ಎದುರಿಗಿದ್ದವರು ಇಂಗ್ಲೆಂಡಿನ ಹೆರಾಲ್ ಗ್ರಹಾಂ. ಇಂಗ್ಲಿಷ್ ಬಾಕ್ಸರ್ ಇದ್ದರೂ ಪಂದ್ಯ ಇಂಗ್ಲೆಂಡಿನಲ್ಲಿ ನಡೆಯಲಿಲ್ಲ, ಏಕೆಂದರೆ ರೆಟಿನಾ ಶಸ್ತ್ರಚಿಕಿತ್ಸೆ ಆಗಿದ್ದ ಜಾಕ್ಸನ್ ಅವರಿಗೆ ಬ್ರಿಟಿಷ್ ಬಾಕ್ಸಿಂಗ್ ಮಂಡಳಿ ಅನುಮತಿ ಕೊಡುವಂತಿರಲಿಲ್ಲ. ಶೆಫೀಲ್ಡ್‌ನಲ್ಲಿ ಬ್ರೆಂಡನ್ ಇಂಗಲ್ ಗರಡಿಯಲ್ಲಿ ಪಳಗಿದ ಎಡಗೈ ಬಾಕ್ಸರ್ ಗ್ರಹಾಂ ಹೊಡೆತ ತಪ್ಪಿಸಿಕೊಳ್ಳುವುದರಲ್ಲಿ ಎಂಥ ನಿಪುಣರೆಂದರೆ, ಎರಡೂ ಕೈ ಹಿಂದಕ್ಕೆ ಕಟ್ಟಿಕೊಂಡು ನಿಂತು, ತನ್ನನ್ನು ಮುಟ್ಟಿ ನೋಡಿ ಎಂದು ಪಬ್‌ನ ಗಿರಾಕಿಗಳಿಗೆ ಪಂಥ ಹಾಕುತ್ತಿದ್ದರೆಂಬ ಕತೆ ಇಂದಿಗೂ ಚಾಲ್ತಿಯಲ್ಲಿದೆ. ಅಲ್ಲಿಯವರೆಗೆ ಅವರು ಸೋತದ್ದು ಸುಂಬು ಕಲಂಬೇ ಮತ್ತು ಮೈಕ್ ಮೆಕಲಂ ಅವರಿಗೆ ಮಾತ್ರ, ಅದೂ ಅಂಕಗಳ ಮೇಲೆ.

ಮೂರು ಸುತ್ತು ಆಟವೆಲ್ಲ ಗ್ರಹಾಂ ಅವರದೇ ಆಗಿತ್ತು. ಜಾಕ್ಸನ್ ಅವರ ಒಂದು ಕಣ್ಣು ಊದಿ ಮುಚ್ಚಿಕೊಳ್ಳುತ್ತ ಬಂತು, ಹೊಡೆತಗಳು ಗಾಳಿಗೆ ಬೀಳುತ್ತಿದ್ದವು. ಇನ್ನೊಂದು ಸುತ್ತು ನೋಡಿ ಪಂದ್ಯ ನಿಲ್ಲಿಸುವ ಸ್ಥಿತಿ ಬಂದಿತ್ತು. ನಾಲ್ಕನೇ ಸುತ್ತಿನಲ್ಲಿ ಗ್ರಹಾಂ ಮುಗಿಸಿಯೇಬಿಡುವ ಉತ್ಸಾಹದಲ್ಲಿ ಜಾಕ್ಸನ್ ಅವರನ್ನು ಹಿಂದಕ್ಕೆ ತಳ್ಳಿಕೊಂಡು ಹೋದರು. ಎಡಗೈ ಬೀಸಲು ಮುಂದೆ ನುಗ್ಗಿದ ಆ ಗಳಿಗೆಯಲ್ಲಿ ಅವರ ಗದ್ದ ತೆರೆದುಕೊಂಡಿತು. ಹಿಂದೆ ಸರಿಯುತ್ತಲೇ ಜಾಕ್ಸನ್ ಬೀಸಿದ ಬಲಗೈ ನೇರವಾಗಿ ಅಲ್ಲಿಗೆ ಬಿತ್ತು. ಆ ದೃಶ್ಯವನ್ನು ನಿಧಾನಗತಿಯಲ್ಲಿ ನೋಡಿದವರಿಗೆ ಗೊತ್ತು: ಗ್ರಹಾಂ ನೆಲ ಮುಟ್ಟುವ ಮೊದಲೇ ಅವರಿಗೆ ಪ್ರಜ್ಞೆ ಇರಲಿಲ್ಲ. ಕೈ ಊರಿಕೊಳ್ಳುವ ಯತ್ನವಿಲ್ಲ, ಮೊಣಕಾಲು ಮಡಚುವ ಕ್ರಮವೂ ಇಲ್ಲ. ಇದ್ದ ಹಾಗೆಯೇ ಬೆನ್ನಡಿಯಾಗಿ ಬಿದ್ದರು. ರೆಫರಿ ಎಣಿಸುವುದಕ್ಕೆ ಏನೂ ಉಳಿದಿರಲಿಲ್ಲ. ಅವರು ಎಚ್ಚರಗೊಳ್ಳಲು ನಿಮಿಷಗಳೇ ಬೇಕಾದವು. ಹಿಂದೆ ಸರಿಯುವವನಿಗೆ ದೇಹದ ಭಾರವನ್ನು ಹೊಡೆತಕ್ಕೆ ಹಾಕುವುದು ಕಷ್ಟವೆಂದು ಪ್ರತಿ ತರಬೇತುದಾರನೂ ಹೇಳಿಕೊಡುತ್ತಾನೆ. ಇಲ್ಲಿ ಮುಂದೆ ನುಗ್ಗುತ್ತಿದ್ದ ಗ್ರಹಾಂ ಅವರ ವೇಗವೂ ಸೇರಿಕೊಂಡಿತು ಎಂಬುದು ನಿಜ, ಆದರೆ ಒಂದೇ ಕಣ್ಣಿನಲ್ಲಿ ಅಂತರ ಅಳೆದು ಅಷ್ಟು ಕಿರಿದಾದ ಚಾಪದಲ್ಲಿ ಹಾಗೆ ಹೊಡೆಯಬಲ್ಲ ಮತ್ತೊಬ್ಬ ಮಿಡಲ್‌ವೇಟ್ ಬಾಕ್ಸರನನ್ನು ನಾನಂತೂ ಕಂಡಿಲ್ಲ.

ಜಾಕ್ಸನ್ ವಿರುದ್ಧ ಹೇಳುವುದಕ್ಕೆ ಇಲ್ಲವೆಂದಲ್ಲ. ಅವರ ಖ್ಯಾತಿಯ ಒಂದು ಭಾಗ ಕೆಳಗಿನ 154 ಪೌಂಡ್ ವಿಭಾಗದ್ದು. 1989ರಲ್ಲಿ ಟೆರಿ ನಾರಿಸ್ ಅವರನ್ನು ಎರಡನೇ ಸುತ್ತಿನಲ್ಲಿ ಕೆಡವಿದ್ದೂ ಅಲ್ಲಿಯೇ. ಮಿಡಲ್‌ವೇಟ್‌ನಲ್ಲಿ ಥಾಮಸ್ ಟೇಟ್ 1992ರಲ್ಲಿ ಅವರೆದುರು 12 ಸುತ್ತು ನಿಂತು ಅಂಕಗಳ ಮೇಲೆ ಸೋತರು. ಎಲ್ಲಕ್ಕಿಂತ ದೊಡ್ಡ ಆಕ್ಷೇಪ ಮೆಕ್ಲೆಲನ್. 1993ರ ಮೇ ತಿಂಗಳಲ್ಲಿ ಲಾಸ್ ವೇಗಸ್‌ನಲ್ಲಿ ಐದನೇ ಸುತ್ತಿಗೆ, ಮರುವರ್ಷ ಒಂದೂವರೆ ನಿಮಿಷದೊಳಗೆ, ಎರಡು ಬಾರಿಯೂ ಅವರು ಜಾಕ್ಸನ್ ಅವರನ್ನು ಸೋಲಿಸಿದರು. ಹಾಗಿದ್ದಮೇಲೆ ಬಲ ಮೆಕ್ಲೆಲನ್ ಅವರದೇ ಹೆಚ್ಚಲ್ಲವೇ? ಅಲ್ಲವೆಂದೇ ನನ್ನ ಅನಿಸಿಕೆ. ಹೊಡೆಯುವ ಶಕ್ತಿ ಬೇರೆ, ತಡೆದುಕೊಳ್ಳುವ ಶಕ್ತಿ ಬೇರೆ. ಜಾಕ್ಸನ್ ಅವರ ಗದ್ದ ಎಂದೂ ಗಟ್ಟಿಯಾಗಿರಲಿಲ್ಲ. 1986ರಲ್ಲಿಯೇ ಮೆಕಲಂ ಎರಡನೇ ಸುತ್ತಿನಲ್ಲಿ ಜಾಕ್ಸನ್ ಅವರನ್ನು ಮುಗಿಸಿದ್ದರು. ಆ ಎರಡು ಪಂದ್ಯಗಳಿಂದ ತಿಳಿಯುವುದು ಮೆಕ್ಲೆಲನ್ ಉತ್ತಮ ಬಾಕ್ಸರ್ ಆಗಿದ್ದರು, ಎತ್ತರವಿದ್ದರು, ಯುವಕರಾಗಿದ್ದರು ಎಂಬುದು.

ಮೆಕ್ಲೆಲನ್ ಪರವಾದ ನಿಜವಾದ ವಾದ ಅವರ ವೇಗದಲ್ಲಿದೆ. ಡೆಟ್ರಾಯಿಟ್‌ನ ಕ್ರಾಂಕ್ ಜಿಮ್‌ನಲ್ಲಿ ಇಮ್ಯಾನುಯೆಲ್ ಸ್ಟೀವರ್ಡ್ ಕೈಕೆಳಗೆ ತಯಾರಾದ ಅವರು ತಮ್ಮ 29 ನಾಕೌಟ್‌ಗಳಲ್ಲಿ 20ನ್ನು ಮೊದಲ ಸುತ್ತಿನಲ್ಲಿಯೇ ಪಡೆದರು. 1991ರಲ್ಲಿ ಮುಗಾಬಿಯವರನ್ನು ಮೊದಲ ಸುತ್ತಿನಲ್ಲಿ ಕೆಡವಿದ್ದನ್ನು ಹ್ಯಾಗ್ಲರ್ ತೆಗೆದುಕೊಂಡ 11 ಸುತ್ತುಗಳೊಂದಿಗೆ ಹೋಲಿಸುವವರಿದ್ದಾರೆ. ಅದು ಅನ್ಯಾಯದ ಹೋಲಿಕೆ, ಏಕೆಂದರೆ ಆ ಹೊತ್ತಿಗೆ ಮುಗಾಬಿ ಹಳೆಯ ಮುಗಾಬಿಯಾಗಿರಲಿಲ್ಲ. 1995ರ ಫೆಬ್ರುವರಿ 25ರಂದು ಲಂಡನ್‌ನಲ್ಲಿ, ಮೇಲಿನ 168 ಪೌಂಡ್ ವಿಭಾಗದಲ್ಲಿ, ಮೊದಲ ಸುತ್ತಿನಲ್ಲಿಯೇ ನೈಜೆಲ್ ಬೆನ್ ಅವರನ್ನು ಹಗ್ಗದಾಚೆಗೆ ಬೀಳಿಸಿದ ಮೆಕ್ಲೆಲನ್ ಹತ್ತನೇ ಸುತ್ತಿನಲ್ಲಿ ಮಂಡಿಯೂರಿ ಸೋತರು. ಆಮೇಲೆ ಮಿದುಳಿನಲ್ಲಿ ರಕ್ತ ಹೆಪ್ಪುಗಟ್ಟಿ ಶಸ್ತ್ರಚಿಕಿತ್ಸೆಯಾಯಿತು. ಅವರು ದೃಷ್ಟಿ ಕಳೆದುಕೊಂಡರು, ಮತ್ತೆಂದೂ ಸ್ವತಂತ್ರವಾಗಿ ಬದುಕುವ ಸ್ಥಿತಿಗೆ ಬರಲಿಲ್ಲ. ಆಗ ಅವರಿಗೆ ಇನ್ನೂ ಮೂವತ್ತು ತುಂಬಿರಲಿಲ್ಲ. ಹೀಗಾಗಿ ಅವರ ಲೆಕ್ಕದಲ್ಲಿ ವಯಸ್ಸಾದ ಮೇಲಿನ ಸೋಲುಗಳು, ಎಳೆದಾಡಿದ ಗೆಲುವುಗಳು ಸೇರಲೇ ಇಲ್ಲ. ಅವರ ಶೇಕಡಾ ಅಷ್ಟು ಎತ್ತರದಲ್ಲಿ ನಿಂತಿರುವುದಕ್ಕೆ ಇದೂ ಒಂದು ಕಾರಣ, ಹೇಳಲು ಹಿತವಲ್ಲದ ಕಾರಣ.

ಗೊಲೊವ್ಕಿನ್ ವಿಷಯ ಬೇರೆ. ಕಜಕಸ್ತಾನದ ಕರಗಾಂಡಾದ ಈ ಬಾಕ್ಸರ್ 2008ರಿಂದ 2016ರವರೆಗೆ ಸತತ 23 ಪಂದ್ಯಗಳನ್ನು ನಾಕೌಟ್‌ನಲ್ಲಿ ಗೆದ್ದರು. ಇವುಗಳಲ್ಲಿ ಹಲವು ಪಂದ್ಯಗಳು ಜಾಕ್ಸನ್ ಶೈಲಿಯ ಸಿಡಿಲಿನಿಂದ ಮುಗಿದವಲ್ಲ. ಗೊಲೊವ್ಕಿನ್ ರಿಂಗ್‌ನ ಜಾಗವನ್ನು ಕಿರಿದು ಮಾಡುತ್ತ ಬರುತ್ತಾರೆ, ಎಡಗೈಯ ಚುಟುಕು ನೇರ ಹೊಡೆತವಾದ ಜಾಬ್‌ನಿಂದಲೇ ಎದುರಾಳಿಯ ಮುಖ ಹಣ್ಣು ಮಾಡುತ್ತಾರೆ. ಸ್ವತಃ ಬಲಶಾಲಿ ಹೊಡೆತಗಾರರೆಂದು ಹೆಸರಾದ ಕೆನಡಾದ ಡೇವಿಡ್ ಲೆಮ್ಯೂ 2015ರಲ್ಲಿ ಎಂಟು ಸುತ್ತು ಆ ಜಾಬ್ ತಿಂದೇ ಕರಗಿಹೋದರು. 2013ರಲ್ಲಿ ಮ್ಯಾಥ್ಯೂ ಮ್ಯಾಕ್ಲಿನ್ ಅವರನ್ನು ಮೂರನೇ ಸುತ್ತಿನಲ್ಲಿ ಪಕ್ಕೆಗೆ ಹೊಡೆದು ಕೆಡವಿದ ಎಡಗೈ ಹುಕ್ ಮಾತ್ರ ಒಂದೇ ಏಟಿನದು. ಬಲಪಕ್ಕೆಯ ಕೆಳಗೆ ಯಕೃತ್ತಿನ ಮೇಲೆ ಬೀಳುವ ಅಂಥ ಹೊಡೆತದಲ್ಲಿ ಪ್ರಜ್ಞೆ ಪೂರ್ತಿ ಇರುತ್ತದೆ, ದೇಹ ಮಾತ್ರ ಏಳಲು ಒಪ್ಪುವುದಿಲ್ಲ. ಆದರೆ 2017ರಲ್ಲಿ ಡೇನಿಯಲ್ ಜೇಕಬ್ಸ್ ಒಮ್ಮೆ ಬಿದ್ದೂ 12 ಸುತ್ತು ಮುಗಿಸಿದರು. ಅದೇ ವರ್ಷ ಮತ್ತು ಮರುವರ್ಷ ಕನೆಲೊ ಅಲ್ವಾರೆಸ್ ಒಟ್ಟು 24 ಸುತ್ತು ಒಮ್ಮೆಯೂ ಬೀಳದೆ ನಿಂತರು. ಒಬ್ಬ ಬಾಕ್ಸರ್ ಎದುರಾಳಿಗಳನ್ನು ಎಷ್ಟು ಖಚಿತವಾಗಿ ಸವೆಸಬಲ್ಲ ಎಂಬುದು ಪ್ರಶ್ನೆಯಾಗಿದ್ದರೆ ಗೊಲೊವ್ಕಿನ್ ಅವರೇ ಮೊದಲಿಗರು ಎಂದು ತಕರಾರಿಲ್ಲದೆ ಒಪ್ಪುತ್ತೇನೆ.

ಇನ್ನು ಕೆಲವು ಹೆಸರುಗಳು ಖಂಡಿತ ಬರುತ್ತವೆ. ಶುಗರ್ ರೇ ರಾಬಿನ್ಸನ್ 1957ರ ಮೇ 1ರಂದು ಶಿಕಾಗೋದಲ್ಲಿ ಜೀನ್ ಫುಲ್ಮರ್ ಅವರನ್ನು ಕೆಡವಿದ ಎಡಗೈ ಹುಕ್ ಬಹುಶಃ ಈ ವಿಭಾಗದ ಅತಿ ಸುಂದರ ಹೊಡೆತ, ಅತಿ ಬಲವಾದದ್ದಲ್ಲ. ರೂಬಿನ್ ಕಾರ್ಟರ್ 1963ರಲ್ಲಿ ಎಮಿಲ್ ಗ್ರಿಫಿತ್ ಅವರನ್ನು ಮೊದಲ ಸುತ್ತಿನಲ್ಲಿ ಸೋಲಿಸಿದ್ದು ದೊಡ್ಡ ಸುದ್ದಿಯೇ ಹೌದು, ಆದರೆ ಗ್ರಿಫಿತ್ ಆಗ ಕೆಳಗಿನ ವೆಲ್ಟರ್‌ವೇಟ್ ಚಾಂಪಿಯನ್.

ಪಟ್ಟಿಯಿಂದ ಹೊರಗಿಟ್ಟರೆ ಅತಿ ಹೆಚ್ಚು ಜಗಳ ತರುವ ಹೆಸರು ಥಾಮಸ್ ಹರ್ನ್ಸ್ ಅವರದು. 1984ರಲ್ಲಿ ರಾಬರ್ಟೊ ದುರಾನ್ ಅವರನ್ನು ಮುಖ ಕೆಳಗಾಗಿ ಕೆಡವಿದ ಅವರ ಬಲಗೈಯನ್ನು ಯಾರೂ ಮರೆಯಲಾರರು. ಆದರೆ ಅದು 154 ಪೌಂಡ್ ಪಂದ್ಯ, ಜಾಕ್ಸನ್ ಅವರ ನಾರಿಸ್ ಪಂದ್ಯವನ್ನು ಲೆಕ್ಕಕ್ಕೆ ಹಿಡಿಯದ ನಾನು ಇದನ್ನೂ ಹಿಡಿಯುವಂತಿಲ್ಲ. 1987ರಲ್ಲಿ ಹುವಾನ್ ರೊಲ್ಡಾನ್ ಅವರನ್ನು ನಾಲ್ಕನೇ ಸುತ್ತಿನಲ್ಲಿ ಕೆಡವಿ ಅವರು ಮಿಡಲ್‌ವೇಟ್ ಪಟ್ಟ ಗೆದ್ದದ್ದೂ ಹೌದು. ಆದರೂ ಈ ತೂಕದಲ್ಲಿ ಅವರಿಗೆ ಎದುರಾದ ನಿಜವಾದ ಪರೀಕ್ಷೆ 1985ರ ಏಪ್ರಿಲ್ 15ರಂದು ಹ್ಯಾಗ್ಲರ್ ಅವರ ತಲೆ. ಮೊದಲ ಸುತ್ತಿನಲ್ಲಿ ಹರ್ನ್ಸ್ ಆ ಬಲಗೈಯನ್ನು ಉಳಿಸಿಕೊಳ್ಳದೆ ಬೀಸಿದರು, ಹ್ಯಾಗ್ಲರ್ ಒಮ್ಮೆ ತತ್ತರಿಸಿದ್ದೂ ಉಂಟು. ಸುತ್ತು ಮುಗಿಯುವಾಗ ಮುರಿದಿದ್ದು ಹರ್ನ್ಸ್ ಅವರ ಕೈ. ಮೂರನೇ ಸುತ್ತಿನಲ್ಲಿ ನೆಲಕ್ಕೆ ಬಿದ್ದವರೂ ಅವರೇ.