ಹಾಲಕ್ಕಿಯ ಕಾಡು ದಾಯಾದಿ

ಮುಂಬೈಯಲ್ಲಿ ನಮ್ಮ ಕಡೆಯವರು ಸೇರಿ ಊರಿನ ಮಾತು ಶುರುವಾದರೆ ಬುಡುಬುಡಿಕೆಯವನೂ ಬಂದೇ ಬರುತ್ತಾನೆ. ನಸುಕಿನಲ್ಲಿ "ಹಾಲಕ್ಕಿ ನುಡೀತೈತೆ" ಎನ್ನುತ್ತ ಬಾಗಿಲಿಗೆ ಬರುತ್ತಿದ್ದನಲ್ಲ, ಅವನೇ. ಮರಾಠಿ ಹಳ್ಳಿಗಳಲ್ಲೂ ಅಂಥವನೊಬ್ಬನಿದ್ದಾನೆ. ಕಂದೀಲು ಹಿಡಿದು, ಬೆಳಕು ಹರಿಯುವ ಮುಂಚೆ ಬಂದು ಭವಿಷ್ಯ ಹೇಳುತ್ತಾನೆ. ಅವನ ಹೆಸರು ಪಿಂಗಳಾ. ಪಿಂಗಳಾ ಎಂದರೆ ಪುಟ್ಟ ಗೂಬೆಯೂ ಹೌದು, ನಮ್ಮ ಹಾಲಕ್ಕಿಯೇ. ಅದರ ಮಾತು ತನಗೆ ತಿಳಿಯುತ್ತದೆ ಅನ್ನೋದೇ ಇಬ್ಬರ ಬಂಡವಾಳ.

ಊರಂಚಿನ ಈ ಹಕ್ಕಿಗೇನೂ ಬರವಿಲ್ಲ. ಕಷ್ಟದಲ್ಲಿರುವುದು ಅದರ ಕಾಡು ದಾಯಾದಿ, ರಾನಪಿಂಗಳಾ. ಇದು ಗೂಬೆಯಾದರೂ ಹಗಲಲ್ಲೇ ಬೇಟೆಯಾಡುತ್ತದೆ. ಹಲ್ಲಿ, ಓತಿಕ್ಯಾತ ಅಂದರೆ ಪ್ರಾಣ.

1873ರಲ್ಲಿ ಇದನ್ನು ಹೊಸ ಜಾತಿಯೆಂದು ವಿಜ್ಞಾನದ ಪುಸ್ತಕಕ್ಕೆ ಸೇರಿಸಿದವರು ಎ. ಒ. ಹ್ಯೂಮ್. ಹೌದು, ಕಾಂಗ್ರೆಸ್ ಕಟ್ಟಿದ ಹ್ಯೂಮ್. 1884ರಲ್ಲಿ ಉತ್ತರ ಮಹಾರಾಷ್ಟ್ರದ ಖಾಂದೇಶದಲ್ಲಿ ಸಿಕ್ಕಿದ್ದೇ ಕೊನೆ, ಆಮೇಲೆ ಸುಳಿವಿಲ್ಲ. 1914ರಲ್ಲಿ ಗುಜರಾತಿನ ಮಾಂಡ್ವಿಯಲ್ಲಿ ಹಿಡಿದೆ ಅಂದ ಬ್ರಿಟಿಷ್ ಕರ್ನಲ್ ಮೈನರ್ಟ್ಸ್‌ಹಾಗನ್. ಸುಳ್ಳು! ಮ್ಯೂಸಿಯಂನಿಂದ ಕದ್ದ ಹಳೆ ಹಕ್ಕಿಗೆ ಹೊಸ ಚೀಟಿ ಅಂಟಿಸಿದ್ದ. ಅವನನ್ನು ನಂಬಿ ಅಲ್ಲಿ ಹುಡುಕಿದವರೆಲ್ಲ ಬರಿಗೈಲಿ ಬಂದರು. ಅಮೆರಿಕದ ಪಕ್ಷಿತಜ್ಞೆ ಪಮೇಲಾ ರಾಸ್ಮುಸ್ಸೆನ್ ಈ ಮೋಸ ಹಿಡಿದು, ಮೊದಲು ಹಕ್ಕಿ ನಿಜಕ್ಕೂ ಸಿಕ್ಕಿದ್ದ ಹಳೆಯ ಜಾಗಗಳತ್ತ ತಿರುಗಿದರು. 1997ರ ನವೆಂಬರ್‌ನಲ್ಲಿ ಅದೇ ಖಾಂದೇಶದ ಶಹಾದಾ ಬಳಿ ಹಕ್ಕಿ ಕಂಡಿತು. 113 ವರ್ಷ ಕಾಣೆಯಾಗಿತ್ತಂತೆ. ಆ ಸೀಮೆಯಲ್ಲಿ ಭಿಲ್ಲರು, ಪಾವರಾಗಳು ಎಂಬ ಆದಿವಾಸಿಗಳು ಇದ್ದೇ ಇದ್ದರಲ್ಲ? ಕಾಣೆಯಾದದ್ದು ಪುಸ್ತಕದವರಿಗೆ ಮಾತ್ರ ಅಂತ ನನ್ನ ಗುಮಾನಿ.

ನುಡಿಯುವ ಹಕ್ಕಿ ಎಂದರೆ ಗೌರವವೂ ಹೌದು, ಭಯವೂ ಹೌದು. ಆ ಕಡೆಯ ಸಾತ್ಪುಡಾ ಬೆಟ್ಟಸಾಲಿನ ಕಾಡುಗಳಲ್ಲಿ ಮಾಟಮಂತ್ರಕ್ಕೆಂದು ಗೂಬೆ, ಮೊಟ್ಟೆ ಒಯ್ಯುವುದನ್ನು ಸಂಶೋಧಕರು ಬರೆದಿಟ್ಟಿದ್ದಾರೆ. ಹಾಗಂತ ಆದಿವಾಸಿಗಳನ್ನಷ್ಟೇ ದೂರುವುದು ಸರಿಯಲ್ಲ. ದೀಪಾವಳಿ ಬಂತೆಂದರೆ ದೇಶದ ಹಲವೆಡೆ ಗೂಬೆಗಳ ಕಳ್ಳ ವ್ಯಾಪಾರ ಜಾಸ್ತಿಯಾಗುತ್ತದೆ, ಕೊಳ್ಳುವವರಲ್ಲಿ ಪೇಟೆಯವರೂ ಇದ್ದಾರೆ. ಲಕ್ಷ್ಮಿಯ ವಾಹನವನ್ನೇ ಕೊಂದು ಲಕ್ಷ್ಮಿಯನ್ನು ಕರೆಯುವುದು ಅಂದ್ರೆ! ಪುಣೆ ಜಿಲ್ಲೆಯ ಪಿಂಗೋರಿಯಲ್ಲಿ 2018ರಿಂದ ಗೂಬೆಗಳಿಗೇ ಒಂದು ಉತ್ಸವ ಶುರುವಾಗಿದ್ದು ಇಂಥ ನಂಬಿಕೆಗಳನ್ನು ಸಡಿಲಿಸಲಿಕ್ಕೇ.

2014ರಲ್ಲಿ ಮುಂಬೈಗೆ ಹತ್ತಿರದ ತಾನ್ಸಾ ಅಭಯಾರಣ್ಯದಲ್ಲೂ ರಾನಪಿಂಗಳಾ ಸಿಕ್ಕಿತು. ವಾರ್ಲಿ, ಕಾತಕರಿ ಆದಿವಾಸಿಗಳ ಹಾಡಿಗಳಿರುವ ಸೀಮೆ ಅದು. ಅಲ್ಲಿನ ಕೆರೆಯ ನೀರನ್ನು ಮುಂಬೈ 1892ರಿಂದ ಕುಡಿಯುತ್ತಿದೆ. ಹಕ್ಕಿ ಗೂಡು ಮಾಡುವುದು ಹಳೇ ಮರದ ಪೊಟರೆಯಲ್ಲಿ. ಸೌದೆಗೋ ಹೊಲಕ್ಕೋ ಕಡಿಯುವಾಗ ಮೊದಲು ಹೋಗುವುದೂ ಅಂಥ ಮರವೇ.